ಎಲ್ಲರೂ ಒಪ್ಪಿದರು

ನಾಲ್ಕು ಹೊಲಿಗೆ ಯಂತ್ರ, ಒಂದು ಬಾಡಿಗೆ ಕೋಣೆ. ಯುದ್ಧಕ್ಕೆ ಹೆದರಿ ಓಡಿಬಂದ ಹೆಂಗಸರಿಗಾಗಿ ನಾನು ಕಟ್ಟಿದ ಸಂಸ್ಥೆ ಇಷ್ಟೇ. ಮೂವತ್ತು ವರ್ಷ ಟೀಚರಾಗಿದ್ದವಳು ನಾನು. ಯಾರಾದರೂ ಎದುರಾಡಿದರೆ ಈಗಲೂ ಮೈ ಉರಿಯುತ್ತದೆ. ಅದಕ್ಕೇ ಸಮಿತಿಯಲ್ಲಿ ನಾನು, ನನ್ನ ತಮ್ಮ, ಅವನ ಹೆಂಡತಿ. ಸಭೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿಯುತ್ತಿತ್ತು.

ನೆರವು ಕೊಡುವವರ ಅರ್ಜಿಯಲ್ಲೊಂದು ಪ್ರಶ್ನೆಯಿತ್ತು: ಸಮಿತಿಯಲ್ಲಿ ನಿರಾಶ್ರಿತರು ಇದ್ದಾರೆಯೇ? ಹೊಲಿಗೆ ಕಲಿಸುವವಳ ಹೆಸರು ಬರೆದುಬಿಟ್ಟೆ. ಅವಳೂ ಓಡಿಬಂದವಳೇ. ನಮ್ಮ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಪ್ರತಿ ಸಭೆಯ ನಂತರ ನಡಾವಳಿ ಪುಸ್ತಕವನ್ನು ಅವಳ ಮುಂದಿಟ್ಟು, "ಇಲ್ಲೊಂದು ಸಹಿ ಹಾಕಮ್ಮಾ" ಎನ್ನುತ್ತಿದ್ದೆ. ಹಾಜರಿ ಪುಸ್ತಕವೆಂದು ನಂಬಿ ಅವಳು ಹಾಕುತ್ತಿದ್ದಳು. ಅಲ್ಲವೆಂದು ನಾನು ಹೇಳಲಿಲ್ಲ.

ನೆರವು ಬಂತು. ವರ್ಷದ ಮೇಲೆ ಅವರ ಅಧಿಕಾರಿಯೂ ಬಂದಳು, ನನ್ನ ಮಗಳ ವಯಸ್ಸಿನವಳು. ಇವಳು ಮೆಚ್ಚಿದರೆ ಇನ್ನೂ ಮೂರು ವರ್ಷ ನೆರವು, ದೊಡ್ಡ ಕೋಣೆ. ನಮ್ಮ ಪುಸ್ತಕ ಓದಿ, ನೇರವಾಗಿ ಹೊಲಿಗೆಯವಳ ಪಕ್ಕ ಹೋಗಿ ಕೂತಳು.

"ಸಂಜೆ ತರಗತಿ ನಿಲ್ಸೋಕೆ ನೀವ್ಯಾಕೆ ಒಪ್ಪಿದ್ರಿ?"

"ನಾನಾ? ಹಗಲೆಲ್ಲ ಪಾತ್ರೆ ತೊಳಿಯೋರು ಸಂಜೆ ಅಲ್ದೆ ಇನ್ಯಾವಾಗ ಬರ್ತಾರೆ? ನಿಲ್ಸಬೇಡಿ ಅಂತ ಅಕ್ಕನ ಹತ್ರ ಅತ್ತಿದ್ದೆ."

ಅಧಿಕಾರಿ ಸಹಿ ತೋರಿಸಿದಳು. ಹೊಲಿಗೆಯವಳು ಪುಸ್ತಕವನ್ನು ನನ್ನತ್ತ ಸರಿಸಿದಳು.

"ಇಷ್ಟು ದಿನ ಇದ್ರಲ್ಲಿ ನಾನು ಏನೇನು ಹೇಳಿದ್ದೀನಿ, ಓದಿ ಅಕ್ಕಾ."

ಹನ್ನೊಂದು ಸಭೆ. ಪ್ರತಿಯೊಂದರ ಕೊನೆಗೂ 'ಎಲ್ಲರೂ ಒಪ್ಪಿದರು'. ಸಂಜೆ ತರಗತಿ ನಿಲ್ಲಿಸಿದ್ದು ನನಗೆ ಸುಸ್ತಾಗುತ್ತದೆ ಎಂದು, ಅದಕ್ಕೂ ಅವಳ ಒಪ್ಪಿಗೆ. ನಾಚಿಕೆಯಾಗಿ ಅಲ್ಲಿಗೇ ಪುಸ್ತಕ ಮುಚ್ಚಹೋದೆ. "ಮುಂದೆ?" ಎಂದಳು ಅವಳು.

ಓದಿ ಮುಗಿಸಿ ಅಧಿಕಾರಿಗೆ ಹೇಳಿದೆ: "ಸುಳ್ಳು ಬರ್ದಿದ್ದು ನಾನು. ನೆರವು ನಿಲ್ಸಿಬಿಡಿ."

"ನಿಲ್ಸಿದ್ರೆ ಶಿಕ್ಷೆ ಆಗೋದು ಇವ್ರಿಗೆ, ನಿಮಗಲ್ಲ."

ಅವರು ನಿಲ್ಲಿಸಲಿಲ್ಲ. ಸಮಿತಿಯಲ್ಲಿ ಅರ್ಧದಷ್ಟು ಓಡಿಬಂದವರೇ ಇರಬೇಕು, ಮಾತು ಬಾರದವರಿಗೆ ಒಬ್ಬ ದುಭಾಷಿ ಇರಬೇಕು ಎಂದರು. ದುಭಾಷಿಯ ಸಂಬಳವನ್ನೂ ಅವರೇ ಕೊಟ್ಟರು. ತಮ್ಮ, ಅವನ ಹೆಂಡತಿ ಜಾಗ ಬಿಟ್ಟರು. ಆರು ತಿಂಗಳಲ್ಲಿ ಯಂತ್ರಗಳು ಒಂಬತ್ತಾದವು.

ಹೊಸ ಸಮಿತಿಯ ಮೊದಲ ಸಭೆಯಲ್ಲೇ ಸಂಜೆ ತರಗತಿ ಮತ್ತೆ ಶುರು ಮಾಡುವುದೆಂದು ತೀರ್ಮಾನವಾಗಿತ್ತು. ಈ ಸಲ ನಿಜವಾಗಿಯೂ ಎಲ್ಲರೂ ಒಪ್ಪಿದ್ದರು. ಹಾಗೆಂದು ಬರೆದು, ಹಳೆಯ ಅಭ್ಯಾಸದಂತೆ ಪುಸ್ತಕವನ್ನು ಅವಳ ಮುಂದಿಟ್ಟು ಪೆನ್ನು ಕೊಟ್ಟೆ.

ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಮೊದ್ಲು ಓದಿ, ಮೇಡಂ."

ಅಕ್ಕ ಎಲ್ಲಿ ಹೋದಳೆಂದು ಕೇಳಲು ನನಗೆ ಮುಖವಿರಲಿಲ್ಲ. ಓದಿದೆ.