ಹತ್ತು ತಿಂಗಳ ಪೆಟ್ರೋಲು

"ಥೂ!"

ಮೆಕ್ಯಾನಿಕ್ ನೆಲಮಾಳಿಗೆಯ ಗೋಡೆಗೆ ಉಗುಳಿದ. ಕಾರಿನ ಟ್ಯಾಂಕಿಗೆ ಇಳಿಬಿಟ್ಟ ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು ಇನ್ನೊಂದು ಕೈಯಿಂದ ತುಟಿ ಒರೆಸಿಕೊಂಡ. "ಪೆಟ್ರೋಲಲ್ಲ ಸಾರ್ ಇದು. ಬಾಗಿಲಿಗೆ ಬಳಿಯೋ ವಾರ್ನಿಷು."

ಪಕ್ಕದಲ್ಲಿ ನಿಂತಿದ್ದ ಕಾರಿನೊಡತಿಯ ಗಂಡ ಬಾಟಲಿಯನ್ನು ಪೈಪಿನ ಕೆಳಗೆ ಹಿಡಿದ. ಅರ್ಧ ಲೀಟರ್ ತುಂಬಿತು. ಬಣ್ಣ ಕಪ್ಪಿಟ್ಟ ಜೇನಿನ ಹಾಗಿತ್ತು. ಅವನು ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. ಹೆಂಡತಿಯ ಕಾರನ್ನು ಇಷ್ಟು ಆಸಕ್ತಿಯಿಂದ ಅವನು ನೋಡಿದ್ದು ಇದೇ ಮೊದಲು.

"ಟ್ಯಾಂಕ್ ಪೂರ್ತಿ ಇಳಿಸಿಬಿಡ್ಲಾ? ಹತ್ತು ನಿಮಿಷದ ಕೆಲಸ. ಐದು ಲೀಟರ್ ಹೊಸದು ಹಾಕಿದ್ರೆ ಕುದುರೆ ಥರ ಓಡುತ್ತೆ."

"ಬೇಡ. ಮೊದಲು ಟೆಸ್ಟ್ ಮಾಡ್ತೀನಿ."

"ಮೂಗಿರೋವಾಗ ಟೆಸ್ಟ್ ಯಾಕೆ ಸಾರ್?"

"ಅದೇ ನನ್ನ ಕೆಲಸ."

"ಮೂಸೋದಾ?"

ಅವನು ನಗಲಿಲ್ಲ. ಮೆಕ್ಯಾನಿಕ್ ಆ ನಗೆಯನ್ನೂ ತಾನೇ ನಕ್ಕು, ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟ. ಹೊಸ ಬ್ಯಾಟರಿ ಕೂರಿಸಿಯಾಗಿತ್ತು. ನಾಲ್ಕೂ ಚಕ್ರಕ್ಕೆ ಗಾಳಿ ತುಂಬಿಯಾಗಿತ್ತು. ನಿನ್ನೆ ಫೋನಿನಲ್ಲಿ ಹೆಂಡತಿ ಹೇಳಿದ್ದು ಇವೆರಡೇ.

"ಬ್ಯಾಟರಿ ಹಾಕಿಸಿಡಿ. ಗಾಳಿ ತುಂಬಿಸಿಡಿ. ನಾಳೆ ನಾಲ್ಕಕ್ಕೆ ಬಂದು ತಗೊಂಡು ಹೋಗ್ತೀನಿ." ಅಕ್ಕನ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಮನೆಯಿಂದ ದೂರ, ಓಡಾಡಲು ಗಾಡಿ ಬೇಕು. ಪೆಟ್ರೋಲಿನ ಸುದ್ದಿ ಎತ್ತಲಿಲ್ಲ. ಹೆಂಡತಿ ಮರೆತಿರಲಾರಳು. ಅದನ್ನು ಅವನಿಗೆ ಹೇಳಿಕೊಡುವುದೇನು ಎಂದು ಬಿಟ್ಟಿದ್ದಾಳೆ.

ಹದಿನಾಲ್ಕು ವರ್ಷದಿಂದ ಅವನು ಇಂಧನ ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದ. ಪೆಟ್ರೋಲಿನ ಜಾತಕ ಬಲ್ಲವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಸಲು ಅವಳು ಎರಡು ಭಾನುವಾರ ಒದ್ದಾಡಿ, ಮೂರನೆಯ ಭಾನುವಾರ "ಪಕ್ಕದಲ್ಲಿ ಕೂತ್ಕೋ, ಅಷ್ಟು ಸಾಕು" ಎಂದಿದ್ದಳು. ಎಂಟು ವರ್ಷ ಹಾಗೇ ಕೂತ. ಆಗ ಏಕವಚನವಿತ್ತು.

ಹೆಂಡತಿಯ ಅಕ್ಕನ ಊರು ಐದು ಗಂಟೆಯ ದಾರಿ. ಕಾರು ಹೊರಡದಿದ್ದರೆ ಈ ರಾತ್ರಿ ಅವಳು ಇಲ್ಲೇ ಉಳಿಯಬೇಕು. ಬೆಳಿಗ್ಗೆ ಅವನು ದಿಂಬಿನ ಚೀಲ ಬದಲಿಸಿದ್ದ. ಎರಡೂ ದಿಂಬಿನದು.

*

ಪ್ರಯೋಗಾಲಯದಲ್ಲಿ ಒಂದು ಪದ್ಧತಿ. ಬಂದ ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡಬೇಕು. ಒಂದನ್ನು ಪರೀಕ್ಷಿಸಬೇಕು, ಇನ್ನೊಂದಕ್ಕೆ ಅರಗಿನ ಮುದ್ರೆ ಒತ್ತಿ ಕತ್ತಲೆಯ ಕಪಾಟಿನಲ್ಲಿಡಬೇಕು. ಮುಂದೆ ಜಗಳ ಬಂದರೆ ತೆಗೆದು ನೋಡಲು. ಅವನ ಮನೆಯಲ್ಲಿ ಜಗಳವೇ ಬಂದಿರಲಿಲ್ಲ. ಹತ್ತು ತಿಂಗಳ ಹಿಂದೆ ಅವಳು ಚೀಲ ಹಿಡಿದು ನಿಂತಾಗ ಅವನು ಕೇಳಿದ್ದು, "ಕೊಡೆ ತಗೊಂಡ್ಯಾ?"

ಅವನು ಐವತ್ತು ಮಿಲಿಲೀಟರ್ ಅಳೆದು ಬೀಕರಿಗೆ ಹಾಕಿದ. ಅದರ ಮೇಲೆ ಬಿಸಿಗಾಳಿ ಊದಬೇಕು. ಒಳ್ಳೆಯ ಪೆಟ್ರೋಲು ಪೂರ್ತಿ ಆರಿಹೋಗುತ್ತದೆ, ಏನೂ ಉಳಿಯುವುದಿಲ್ಲ. ಕೆಟ್ಟದ್ದು ತಳದಲ್ಲಿ ಅಂಟು ಬಿಡುತ್ತದೆ. ಆ ಅಂಟನ್ನು ತೂಗಿದರೆ ಪೆಟ್ರೋಲು ಎಷ್ಟು ಕೆಟ್ಟಿದೆ ಎಂದು ತಿಳಿಯುತ್ತದೆ.

ಪಕ್ಕದ ಮೇಜಿನಿಂದ ಪಿಪೆಟ್ಟು ಕತ್ತು ಚಾಚಿದ. ಸಹೋದ್ಯೋಗಿ, ಲ್ಯಾಬಿನ ಗಾಜಿನ ನಳಿಕೆಯ ಹಾಗೆ ಸಣಕಲು, ಉದ್ದ, ಹಾಗಾಗಿ ಆ ಹೆಸರು.

"ಯಾರ ಗಾಡಿದೋ?"

"ಗೊತ್ತಿರೋರದು."

"ಎಷ್ಟು ದಿನದಿಂದ ನಿಂತಿದೆ?"

"ಹತ್ತು ತಿಂಗಳು."

"ಟ್ಯಾಂಕ್ ತುಂಬಿತ್ತಾ?"

"ಕಾಲು ಭಾಗ."

"ಮುಗೀತು ಬಿಡು. ತುಂಬಿದ್ರೆ ಆರು ತಿಂಗಳು ಹೆಂಗೋ ತಳ್ಳುತ್ತೆ. ಕಾಲು ಟ್ಯಾಂಕಂದ್ರೆ ಮುಕ್ಕಾಲು ಗಾಳಿ. ಗಾಳಿನೇ ತಿಂದುಹಾಕುತ್ತೆ." ಪಿಪೆಟ್ಟು ಬೀಕರನ್ನು ಮೂಸಿ ಮುಖ ಸಿಂಡರಿಸಿದ. "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿದ್ರೆ ಇವರಪ್ಪನ ಗಂಟೇನು ಹೋಗ್ತಿತ್ತು?"

"ಅವರಿಗೆ ಓಡಿಸೋಕೆ ಬರಲ್ಲ."

"ಕೀ ತಿರುಗಿಸೋಕೆ ಓಡಿಸೋದು ಯಾಕೆ ಬರಬೇಕು?"

ಅವನು ಬಿಸಿಗಾಳಿಯ ಯಂತ್ರವನ್ನು ಇನ್ನಷ್ಟು ಜೋರು ಮಾಡಿದ. ಮಾತು ಕೇಳಿಸದಂತಾಯಿತು.

ನೂರು ಮಿಲಿಲೀಟರಿಗೆ ಐದು ಮಿಲಿಗ್ರಾಂ ಅಂಟಿನವರೆಗೆ ನಿಯಮ ಒಪ್ಪುತ್ತದೆ. ಬಂದದ್ದು ಹನ್ನೊಂದು. ಮತ್ತೊಮ್ಮೆ ಮಾಡಿದ. ಹನ್ನೊಂದೂವರೆ. ಎದೆಯಲ್ಲೇನೋ ಹಗುರಾಯಿತು. ಅದಕ್ಕೆ ಸಂತೋಷ ಎನ್ನಬೇಕೆ ಎಂದು ಯೋಚಿಸಿದ. ಎನ್ನಲಾಗಲಿಲ್ಲ.

ಯಾರೂ ಕೇಳದಿದ್ದರೂ ವರದಿಯ ಅಚ್ಚಾದ ನಮೂನೆಯೊಂದನ್ನು ತೆಗೆದು ತುಂಬಿದ. ಮಾದರಿ ಕಳಿಸಿದವರ ಹೆಸರು ಖಾಲಿ. ಕೊನೆಯ ಸಾಲಿನಲ್ಲಿ "ಬಳಕೆಗೆ ಯೋಗ್ಯ" ಎಂಬುದನ್ನು ಹೊಡೆದುಹಾಕಿದ. ನೇರ ಗೆರೆ. ಹದಿನಾಲ್ಕು ವರ್ಷದಲ್ಲಿ ಅವನ ಕೈ ಪಳಗಿದ್ದು ಈ ಒಂದು ಗೆರೆಯಲ್ಲಿ.

ಊಟದ ಹೊತ್ತಿಗೆ ಖಾಲಿ ಕ್ಯಾನು ಹಿಡಿದು ಎದುರಿನ ಪೆಟ್ರೋಲ್ ಬಂಕಿಗೆ ಹೋದ. ಸಾಲಿನಲ್ಲಿ ನಿಂತ. ಇನ್ನೂ ಕಾಲ ಮಿಂಚಿರಲಿಲ್ಲ. ಮೆಕ್ಯಾನಿಕ್ ಕರೆದರೆ ಬರುವವನೇ. ಮುಂದಿದ್ದವರು ಒಬ್ಬೊಬ್ಬರಾಗಿ ತುಂಬಿಸಿಕೊಂಡು ಹೋದರು.

"ಎಷ್ಟು ಹಾಕ್ಲಿ ಸಾರ್?" ಬಂಕಿನ ಹೆಂಗಸು ಕೊಳವೆ ಎತ್ತಿ ಹಿಡಿದಳು.

ಅವನು ಕ್ಯಾನಿನ ಬಾಯಿ ನೋಡುತ್ತ ನಿಂತ. ಒಂದು ರಾತ್ರಿ ಸಿಕ್ಕರೆ ಅವಳಿಗೆ ಏನು ಹೇಳುವುದು? ಎಷ್ಟು ಹುಡುಕಿದರೂ ಒಂದು ವಾಕ್ಯ ಹೊಳೆಯಲಿಲ್ಲ. ಹೊಳೆಯದಿದ್ದರೂ ರಾತ್ರಿ ಬೇಕಾಗಿತ್ತು.

"ಹೇಳಿ ಸಾರ್, ಹಿಂದೆ ಜನ ಇದ್ದಾರೆ."

"ಬೇಡ."

"ಬೇಡ್ದಿದ್ರೆ ಸಾಲಲ್ಲಿ ನಿಂತಿದ್ದು ಯಾಕೆ, ಕಾಲುನೋವು ಬರ್ಲಿ ಅಂತಾನಾ?"

ಹಿಂದಿದ್ದವರು ನಕ್ಕರು. ಅವನು ಖಾಲಿ ಕ್ಯಾನನ್ನು ತುಂಬಿದ ಕ್ಯಾನಿನ ಹಾಗೆ ಜೋಪಾನವಾಗಿ ಹಿಡಿದು ರಸ್ತೆ ದಾಟಿದ.

*

ನಾಲ್ಕಕ್ಕೆ ಐದು ನಿಮಿಷವಿರುವಾಗ ಅವಳು ಬಂದಳು. ನೇರ ನೆಲಮಾಳಿಗೆಗೇ ಇಳಿದಳು. ಕೂದಲು ಕತ್ತರಿಸಿಕೊಂಡಿದ್ದಳು. ಅದು ಅವಳಿಗೆ ಒಪ್ಪುತ್ತಿತ್ತು. ಅವನು ಹೇಳಲಿಲ್ಲ.

"ಮೇಲೆ ಬರಲ್ವಾ?"

"ಕತ್ತಲಾಗೋದರೊಳಗೆ ಅರ್ಧ ದಾರಿಯಾದ್ರೂ ದಾಟಬೇಕು."

"ನೀರು?"

"ಬಾಟಲಿ ಇದೆ." ಅವಳು ಕಾರಿನ ಸುತ್ತ ಒಂದು ಸುತ್ತು ಬಂದು, ಚಕ್ರಗಳನ್ನು ಕಾಲಿನಿಂದ ಒದ್ದು ನೋಡಿದಳು. "ಅಕ್ಕ ಕೇಳಿದೆ ಅಂತ ಹೇಳಿದ್ಲು."

"ನಾನೂ ಕೇಳಿದೆ ಅಂತ ಹೇಳು."

"ಹೂಂ." ಬಾಗಿಲು ತೆಗೆದವಳು ನಿಂತಳು. "ಪೆಟ್ರೋಲ್ ಹೇಗಿದೆ?"

ಕೇಳಲಾರಳು ಎಂದುಕೊಂಡಿದ್ದ. ಜೇಬಿನಲ್ಲಿ ನಮೂನೆಯ ಕಾಗದ ಮಡಚಿಕೊಂಡಿತ್ತು.

"ಪರವಾಗಿಲ್ಲ."

"ನೀವೇ ನೋಡಿದ್ರಾ?"

"ಲ್ಯಾಬಲ್ಲಿ ಟೆಸ್ಟ್ ಮಾಡ್ದೆ. ಬೆಳಿಗ್ಗೆ."

"ಹಾಗಾದ್ರೆ ಸರಿ." ಅವಳು ಒಳಗೆ ಕೂತಳು. ಅವನ ಬೇರೆ ಯಾವ ಮಾತನ್ನೂ ಅವಳು ಇಷ್ಟು ಸಲೀಸಾಗಿ ನಂಬಿದ್ದಿಲ್ಲ. ಸೀಟು ಸರಿಮಾಡಲು ಕೈ ಕೆಳಗೆ ಹಾಕಿದವಳು ಹಾಗೇ ತೆಗೆದಳು. ಸೀಟು ಅವಳ ಅಳತೆಯಲ್ಲೇ ಇತ್ತು.

ಕೀ ತಿರುಗಿಸಿದಳು. ಕಾರು ಕೆಮ್ಮಿತು. ಎರಡನೆಯ ಸಲ ಇನ್ನೂ ಉದ್ದಕ್ಕೆ ಕೆಮ್ಮಿತು. ಅವನು ಮುಖದ ಮೇಲೆ ಬೇಸರವನ್ನು ಸಿದ್ಧಮಾಡಿಕೊಳ್ಳುತ್ತಿದ್ದ. ಮೂರನೆಯ ಸಲಕ್ಕೆ ಎಂಜಿನ್ನು ಹಿಡಿದುಕೊಂಡಿತು. ನೆಲಮಾಳಿಗೆಯ ತುಂಬ ಗಬ್ಬು ಹೊಗೆ, ಸದ್ದು. ಹನ್ನೊಂದು ಮಿಲಿಗ್ರಾಂ ಅಂಟಿಗೆ ಯಾವ ಮರ್ಯಾದೆಯೂ ಇರಲಿಲ್ಲ.

"ಬರ್ತೀನಿ," ಎಂದಳು. ಹೋಗುವವರು ಎಲ್ಲರೂ ಹಾಗೇ ಅನ್ನುತ್ತಾರೆ.

ಕಾರು ಇಳಿಜಾರು ಹತ್ತಿತು. ಅವನು ಹೊಗೆಯಲ್ಲೇ ಹಿಂದೆ ನಡೆದ. ಕಳಿಸಿಕೊಡಲು ನಡೆಯುತ್ತಿದ್ದಾನೋ, ಹಿಡಿಯಲು ನಡೆಯುತ್ತಿದ್ದಾನೋ ಅವನಿಗೇ ತಿಳಿಯಲಿಲ್ಲ. ಮೇಲೆ ಮಟ್ಟಸವಾದ ಜಾಗ, ಅದರಾಚೆ ಗೇಟು. ಮುಂದಿನ ಚಕ್ರಗಳು ರಸ್ತೆಗಿಳಿದವು. ಅಲ್ಲಿ ಕಾರು ಎರಡು ಸಲ ಎಗರಿ ಸತ್ತಿತು. ಅರ್ಧ ಹೊರಗೆ, ಅರ್ಧ ಒಳಗೆ.

ಅವಳು ಮತ್ತೆ ಮತ್ತೆ ಕೀ ತಿರುಗಿಸಿದಳು. ಬ್ಯಾಟರಿ ಹೊಸದು, ಗರಗರ ಎಂದಿತು; ಎಂಜಿನ್ನು ಓಗೊಡಲಿಲ್ಲ. ಒಳಗೆ ಬರಬೇಕಾದ ವ್ಯಾನೊಂದು ಹೊರಗೆ ಹಾರ್ನ್ ಬಾರಿಸಿತು. ವಾಚ್‌ಮನ್ ಓಡಿಬಂದ.

ಅವನು ಕಿಟಕಿಗೆ ಬಗ್ಗಿದ. "ಇವತ್ತು ಇದು ಹೋಗಲ್ಲ. ಒಳಗೆ ತಳ್ಳಿಸ್ತೀನಿ. ನಾಳೆ ನೋಡೋಣ."

ಅವಳು ಎದುರಿನ ಗಾಜನ್ನೇ ನೋಡುತ್ತಿದ್ದಳು. "ಟೆಸ್ಟ್ ಮಾಡ್ದೆ ಅಂದ್ರಿ."

"ಮಾಡ್ದೆ."

"ಏನು ಬಂತು?"

ವ್ಯಾನು ಮತ್ತೆ ಹಾರ್ನ್ ಬಾರಿಸಿತು. ಆ ಸದ್ದು ಮುಗಿಯುವವರೆಗೆ ಉತ್ತರ ಹೇಳದಿರಲು ಅವನಿಗೆ ನೆಪವಿತ್ತು. ಆಮೇಲೆ ಅದೂ ಇರಲಿಲ್ಲ. ಅವಳು ಒಮ್ಮೆ ತಲೆಯಾಡಿಸಿದಳು, ಉತ್ತರ ಕೇಳಿಸಿತು ಎಂಬಂತೆ.

"ಹೊರಗೆ ತಳ್ಳಿ," ಎಂದಳು. "ತಿರುವಲ್ಲೇ ಬಂಕಿದೆ."

ಅವನು ಹಿಂದೆ ಹೋದ. ವಾಚ್‌ಮನ್ ಅಂಗಿಯ ತೋಳು ಮಡಚಿಕೊಂಡು ಪಕ್ಕಕ್ಕೆ ಬಂದ. ಇಬ್ಬರೂ ಡಿಕ್ಕಿಗೆ ಅಂಗೈ ಕೊಟ್ಟು ತಳ್ಳಿದರು. ಕಾರು ಅಲ್ಲಾಡಲಿಲ್ಲ.

"ಐಸಾ!" ಎಂದ ವಾಚ್‌ಮನ್. "ಇನ್ನೊಂದ್ ಸ್ವಲ್ಪ ಸಾರ್. ಅನ್ನ ತಿಂದಿಲ್ವಾ?"

ಅವನು ಕಾಲು ಹಿಂದಕ್ಕೆ ಊರಿ, ತಲೆ ತಗ್ಗಿಸಿ, ಮೈಯನ್ನೆಲ್ಲ ಒಡ್ಡಿದ. ಆಗ ಕಂಡಿತು. ಅವನ ಮುಂಗೈಯ ಪಕ್ಕದಲ್ಲಿ, ಹತ್ತು ತಿಂಗಳ ಧೂಳಿನ ಹಿಂದೆ, ಬ್ರೇಕಿನ ದೀಪ ಕೆಂಪಗೆ ಉರಿಯುತ್ತಿತ್ತು. ಅವಳ ಕಾಲು ಬ್ರೇಕಿನ ಮೇಲಿತ್ತು.

ಎದುರಿನ ವ್ಯಾನಿಗೆ ಹೆದರಿ ಒತ್ತಿರಬಹುದು. ಮರೆತಿರಬಹುದು. ಎಂಟು ವರ್ಷ ಓಡಿಸಿದವಳು ಮರೆಯುತ್ತಾಳೆಯೇ? ಕನ್ನಡಿಯಲ್ಲಿ ಅವಳ ಕಣ್ಣು ಕಾಣುತ್ತಿರಲಿಲ್ಲ, ಕತ್ತರಿಸಿದ ಕೂದಲಿನ ಅಂಚು ಮಾತ್ರ.

ಒಂದು ಮಾತು ಕೂಗಿದ್ದರೆ ಸಾಕಿತ್ತು.

"ಚಕ್ರ ಕಚ್ಕೊಂಡಿದೆ ಸಾರ್ ಇದು," ವಾಚ್‌ಮನ್ ಏದುಸಿರು ಬಿಟ್ಟ.

"ಜೋರಾಗಿ ತಳ್ಳು," ಎಂದ ಅವನು. ಕೆಂಪು ಬೆಳಕು ಬಿದ್ದ ಕೈಗಳನ್ನು ಇನ್ನಷ್ಟು ಬಿಗಿದು, ಕಣ್ಣು ಮುಚ್ಚಿ, ತಳ್ಳುತ್ತಲೇ ಇದ್ದ.