ಹುಲಿಯ ಹಲ್ಲು ತೆಗೆದದ್ದು

ಮೊಹರಂನಲ್ಲಿ ಹರಕೆ ಹೊತ್ತವರ ಮೈಗೆ ಹುಲಿಬಣ್ಣ ಬರೆಯುವ ಮಾನ್ವಿಯ ಅಂಬರೇಶನನ್ನು ರಾಯಚೂರಿನ ಮೊಬೈಲ್ ಗೇಮ್ ಕಂಪನಿಯೊಂದು ಕರೆಸಿತು. ಆಟದ ಗುರುತಾಗಿ ಅವರಿಗೊಂದು ಹುಲಿ ಬೇಕಿತ್ತು. ತನ್ನ ಕೈಯ ಹುಲಿಯನ್ನು ಊರೆಲ್ಲ ಫೋನಿನಲ್ಲಿ ನೋಡಲಿ ಎಂಬ ಆಸೆಯಿಂದ ಅಂಬರೇಶ ಬಾಯಿ ತೆರೆದು ಗರ್ಜಿಸುವ ಹುಲಿಯನ್ನು ಬರೆದುಕೊಟ್ಟ.

"ಹಲ್ಲು ತೆಗೀರಿ, ಹುಡುಗ್ರು ಅಂಜ್ತಾರ," ಎಂದ ಮ್ಯಾನೇಜರ್ ಮುಷರ್ರಫ್. ಮುಂದಿನ ವಾರ ಉಗುರು ಹೋದವು. ಆಮೇಲೆ ಹೊಟ್ಟೆ ದುಂಡಗಾಯಿತು, ಕಣ್ಣು ಅಗಲವಾದವು. ಹನ್ನೊಂದನೆಯ ಸಲ ತಿದ್ದುವಾಗ ಅಂಬರೇಶ ತಡೆಯಲಾರದೆ, "ಸಾಬ್ರೇ, ಇದು ಬೆಕ್ಕು ಆತಲ್ರೀ," ಎಂದ.

"ಹೆಸರು ಹುಲಿ ಅಂತನೇ ಇಟ್ಟೀವಲ್ಲ, ಬಿಡ್ರಿ."

ಆಟ ಮನೆಮನೆ ಹೊಕ್ಕಿತು. ಆ ವರ್ಷದ ಮೊಹರಂಗೆ ಕಲ್ಲೂರಿನ ಅಮರಮ್ಮ ಹುಲಿವೇಷದ ಹರಕೆ ತೀರಿಸಲು ಮೊಮ್ಮಗನನ್ನು ಅಂಬರೇಶನ ಬಳಿ ಕರೆತಂದಳು. ಹುಡುಗ ಬಣ್ಣಕ್ಕೆ ಮುಖ ಕೊಡದೆ ಫೋನ್ ಮುಂದೆ ಹಿಡಿದ: "ನನಗ ಈ ಹುಲಿನೇ ಬೇಕು."

"ದೇವರಿಗೆ ಖರೇ ಹುಲಿ ಬೇಡ್ಕೊಂಡೀನಿ, ಯಪ್ಪಾ," ಎಂದಳು ಅಮರಮ್ಮ ಗಾಬರಿಯಾಗಿ. "ಇದು ನಡೀತದೇನು?"

"ದೇವರು ಕಂಪನಿಯವ್ರಷ್ಟು ತಕರಾರು ತೆಗಿಯಂಗಿಲ್ಲ ಬಿಡು, ಯವ್ವಾ," ಎನ್ನುತ್ತ ಅಂಬರೇಶ ಹುಡುಗನ ಮುಖದ ಮೇಲೆ ತನ್ನ ಕೈಯಾರೆ ಬೆಕ್ಕು ಬರೆಯತೊಡಗಿದ.