ಮಷೀನ್ ಮಾವ ನುಂಗಿಕೊಂಡ ಮಾತು

ತಿಂಗಳ ಮೊದಲ ದಿನ ಬಂತೆಂದರೆ ಮಷೀನ್ ಮಾವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಕೆಟ್ಟ ಹೊಲಿಗೆ ಮಷೀನನ್ನು ಮನೆಯಲ್ಲೇ ರಿಪೇರಿ ಮಾಡುವುದು ಹೇಗೆಂದು ವೀಡಿಯೊ ಮಾಡಿ ಹಾಕುವುದು ಅವನ ಕಸುಬು. ನೋಡಿ ಮೆಚ್ಚಿದವರು ತಿಂಗಳಿಗಿಷ್ಟು ಅಂತ ಕೊಟ್ಟು ಅವನ ಮನೆಯ ಒಲೆ ಉರಿಸುತ್ತಿದ್ದರು. ಆದರೆ ಪ್ರತಿ ತಿಂಗಳ ಮೊದಲ ದಿನ ಅವರಲ್ಲಿ ಒಂದಷ್ಟು ಜನ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಿದ್ದರು. ಮುನ್ನೂರು ಜನ ಕರಗಿ ಕರಗಿ ಈಗ ಐವತ್ತಕ್ಕೆ ಬಂದು ನಿಂತಿದ್ದರು. ಅದಕ್ಕಿಂತ ಒಬ್ಬರು ಕಮ್ಮಿಯಾದರೂ ಕ್ಯಾಮೆರಾ ಕಟ್ಟಿಟ್ಟು ತನ್ನಣ್ಣನ ಟೈಲ್ಸ್ ಅಂಗಡಿಗೆ ಕೆಲಸಕ್ಕೆ ಹೋಗಬೇಕೆಂದು ಹೆಂಡತಿ ಮಾತು ತೆಗೆದುಕೊಂಡಿದ್ದಳು. ಆ ಭಾವನೋ, ಊಟಕ್ಕೆ ಕೂತಾಗಲೂ ಬಚ್ಚಲಮನೆಯ ನೆಲದ ಬಗ್ಗೆ ಭಾಷಣ ಬಿಗಿಯುವ ಆಸಾಮಿ.

ಹೋದವರು ಹೋಗಲಿ ಅಂತ ಸುಮ್ಮನಿರುವ ಜಾಯಮಾನ ಮಾವನದಲ್ಲ. ಒಬ್ಬೊಬ್ಬರಿಗೂ "ನನ್ನಿಂದೇನು ತಪ್ಪಾಯ್ತು?" ಎಂದು ಬರೆದು ಕೇಳಿದ. ಬೈಗುಳ ಬಂದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಬಂದದ್ದೆಲ್ಲ ಹೊಗಳಿಕೆ. "ಎಲ್ಲಾ ಕಲಿತೆ ಮಾವ, ಈಗ ನಾನೇ ರಿಪೇರಿ ಮಾಡ್ಕೋತೀನಿ," ಎಂದು ಒಬ್ಬರು. "ಪಕ್ಕದ ಮನೆಯವರ ಮಷೀನೂ ಸರಿ ಮಾಡ್ಕೊಟ್ಟೆ," ಎಂದು ಇನ್ನೊಬ್ಬರು.

ಕ್ಯಾಮೆರಾ ಹಿಡಿಯುವ ಮಗಳು ಅದನ್ನೋದಿ ಹಣೆ ಚಚ್ಚಿಕೊಂಡಳು.

"ಅಪ್ಪಾ, ಪೂರ್ತಿ ಹೇಳ್ಕೊಟ್ಮೇಲೆ ಅವರು ಯಾಕೆ ನಿಲ್ತಾರೆ? ಕೊನೇ ಮಾತೊಂದನ್ನ ಮುಂದಿನ ತಿಂಗಳಿಗೆ ಇಟ್ಕೋ."

"ಅದು ಮೋಸ ಅಲ್ವೇನೇ?"

"ಹಾಗಾದ್ರೆ ಟೈಲ್ಸ್ ಮಾರು."

ಮಾವ ಕ್ಯಾಮೆರಾ ಮುಂದೆ ಹೋಗಿ ಕೂತ. ಮುಂದಿನ ವೀಡಿಯೊ, ನಡುನಡುವೆ ಹೊಲಿಗೆ ಬಿಟ್ಟುಬಿಡುವ ಮಷೀನಿನದು. ಬಿಚ್ಚಿ ತೋರಿಸಿದ, ಎಣ್ಣೆ ಬಿಟ್ಟ, ಸ್ಕ್ರೂ ತಿರುಗಿಸಿದ. ಸೂಜಿ ತಳ ಮುಟ್ಟಿ ಚೂರು ಮೇಲೆದ್ದಾಗಲೇ ಅಡಿಯ ಕೊಕ್ಕೆ ಬಂದು ದಾರ ಹಿಡಿಯಬೇಕು ಎಂಬ ಒಂದೇ ಒಂದು ಮಾತನ್ನು ನುಂಗಿಕೊಂಡ.

ಉಪಾಯ ಫಲಿಸಿತು. ಆ ಸಲ ತಿಂಗಳ ಮೊದಲ ದಿನ ಒಬ್ಬರೂ ಕದಲಲಿಲ್ಲ. ಮಗಳು ಮನೆ ತುಂಬ ಕುಣಿದಳು, ಮಾವ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಣ್ಣಲು ಕೂತ. ಆಗಲೇ ಶಾಲೆಮಕ್ಕಳ ಯೂನಿಫಾರಂ ಹೊಲಿಯುವ ಹೆಂಗಸೊಬ್ಬರು ಬರೆದರು.

"ಮಾವ, ನೀವು ಹೇಳ್ದಂಗೇ ಮಾಡಿದ್ರೂ ಹೊಲಿಗೆ ಬಿಡ್ತಾನೇ ಇದೆ. ನಿಮ್ಮ ತಪ್ಪೇನಿಲ್ಲ, ನನ್ನ ಕೈಗೇ ಬುದ್ಧಿ ಇಲ್ಲ. ಸೋಮವಾರ ಸ್ಕೂಲು ಶುರು, ರಾಶಿ ಬಟ್ಟೆ ಹಾಗೇ ಬಿದ್ದಿದೆ. ಇನ್ನೊಂದ್ಸಲ ನೋಡ್ತೀನಿ ಬಿಡಿ."

ಮಾವನಿಗೆ ನಾಚಿಕೆಯಿಂದ ಮೈಯೆಲ್ಲ ಉರಿದುಹೋಯಿತು. ಎಂಜಲು ಕೈಯಲ್ಲೇ ಎದ್ದು ಅವರಿಗೆ ಫೋನ್ ಹಚ್ಚಿದ. ಎದುರಿಗೆ ಮಗಳು ಬೇಡ ಬೇಡವೆಂದು ಕೈಯಾಡಿಸುತ್ತಲೇ ಇದ್ದಳು.

"ನಿಮ್ಮ ಕೈ ಸರಿಯಾಗೇ ಇದೆ ತಾಯಿ. ಕೆಟ್ಟಿದ್ದು ನನ್ನ ಬುದ್ಧಿ. ಬೇಕಂತ್ಲೇ ಒಂದು ಮಾತು ಹೇಳ್ಲಿಲ್ಲ ನಾನು," ಎಂದವನೇ ಸೂಜಿಯ ಗುಟ್ಟನ್ನು ಬಿಡಿಸಿ ಹೇಳಿದ. ಅಷ್ಟಕ್ಕೂ ಸಮಾಧಾನವಾಗದೆ ಮಗಳನ್ನು ಎಳೆದುಕೊಂಡು ಹೋಗಿ ಆ ಭಾಗವನ್ನೂ ಚಿತ್ರೀಕರಿಸಿ ಹಾಕಿಸಿದ.

ಸಂಜೆಗೆ ಐವತ್ತು ಹೋಗಿ ನಲವತ್ತೊಂದಾಯಿತು. ಮೊದಲು ಹೋದವರೇ ಆ ಹೆಂಗಸು. "ಸರಿಹೋಯ್ತು ಮಾವ, ಇನ್ನು ನಿಮಗೆ ತೊಂದ್ರೆ ಕೊಡಲ್ಲ," ಎಂದು ಬರೆದು ಜೊತೆಗೊಂದು ವೀಡಿಯೊ ಕಳಿಸಿದ್ದರು. ಅದರಲ್ಲಿ ನೀಲಿ ಲಂಗದ ಅಂಚಿನ ಮೇಲೆ ಮಷೀನು ಟಕಟಕನೆ ಓಡುತ್ತಿತ್ತು.

"ಬಾ ಇಲ್ಲಿ, ಒಂದು ಹೊಲಿಗೆ ತಪ್ಪಿದ್ರೆ ಕೇಳು," ಎಂದು ಮಾವ ಹೆಂಡತಿಗೆ ತೋರಿಸಿದ. ಟೈಲ್ಸ್ ಅಂಗಡಿ ಖಾತ್ರಿಯಾಗಿದ್ದರೂ ಅವನ ಮುಖದಲ್ಲಿ ನಗು ನಿಲ್ಲುತ್ತಿರಲಿಲ್ಲ.

ಅವಳು ವೀಡಿಯೊವನ್ನು ಕೊನೆಯವರೆಗೂ ನೋಡಿದಳು. ಗಂಡನ ಮುಖ ನೋಡಿದಳು. ಆಮೇಲೆ ತನ್ನ ಫೋನ್ ತೆಗೆದುಕೊಂಡಳು.

"ಅಣ್ಣಾ, ನಾಳೆಯಿಂದ ಇವರು ಅಂಗಡಿಗೆ ಬರ್ತಾರೆ. ಹಾಂ, ಮಾತು ಅಂದ್ರೆ ಮಾತು. ಆದ್ರೆ ಒಂದು ಕೇಳ್ಕೋ. ಯಾವ ಟೈಲ್ಸ್ ಜಾರುತ್ತೋ ಅದನ್ನ ಇವತ್ತೇ ತೆಗೆದುಬಿಡು. ಗಿರಾಕಿ ಬಂದು ಕೇಳಿದ್ರೆ ಇವರು ಹೇಳ್ದೇ ಇರಲ್ಲ."